ಐವತ್ತೆರಡು ಮಕ್ಕಳಿಗೆ ಒಂದೇ ಮೆಸೇಜ್

ಐದನೇ ತರಗತಿಯ ಮೇಷ್ಟ್ರು ಕೊಟ್ರೇಶ್ ಅವರಿಗೆ ಪುರುಸೊತ್ತು ಇರಲಿಲ್ಲ.

ದಾವಣಗೆರೆಯ ಒಂದು ಶಾಲೆ. ವರ್ಷದ ಕೊನೆಯ ವಾರ. ಹೆಡ್‌ಮೇಡಂ ಹೊಸ ಆದೇಶ ಹೊರಡಿಸಿದ್ದರು... ಬರೀ ಅಂಕ ಸಾಲದು, ಪ್ರತಿ ಮಗುವಿನ ಬಗ್ಗೆ ಎರಡು ಸಾಲು ಬರೆದು ಮನೆಯವರ ಫೋನಿಗೆ ಕಳಿಸಬೇಕು. ಸಂಜೆಯೊಳಗೆ.

ತರಗತಿಯಲ್ಲಿದ್ದದ್ದು ಐವತ್ತೆರಡು ಮಕ್ಕಳು.

ಮೇಷ್ಟ್ರು ಒಂದು ಮಗುವಿಗೆ ಬರೆದರು. ಉಳಿದ ಐವತ್ತೊಂದಕ್ಕೆ ಕಾಪಿ, ಪೇಸ್ಟ್.

"ನಿಮ್ಮ ಮಗು ಶಾಂತ ಸ್ವಭಾವದ್ದು. ತರಗತಿಯಲ್ಲಿ ಮಾತಾಡುವುದಿಲ್ಲ, ಗಲಾಟೆ ಮಾಡುವುದಿಲ್ಲ. ಶುಭವಾಗಲಿ."

ಯಾರಿಗೂ ಬೇಜಾರಾಗದ ಮಾತು. ಐವತ್ತೊಂದು ಮನೆಗಳಿಂದ ಕೈಮುಗಿದ ಚಿತ್ರ ಬಂತು.

ಐವತ್ತೆರಡನೇ ಮನೆಯಿಂದ ಮರುದಿನ ತಾಯಿಯೇ ಬಂದರು.

ಹೆಸರು ಹಾಲಮ್ಮ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದರು, ತಲೆತುಂಬ ಹೊಟ್ಟು.

"ಸರ್, ನಮ್ ಭೂಮಿಕಾಗೆ ಏನಾಗೈತ್ರೀ?"

"ಏನೂ ಆಗಿಲ್ಲಮ್ಮ. ಒಳ್ಳೇದೇ ಬರ್ದೀನಲ್ಲ."

"ಒಳ್ಳೇದಾ? ಆ ಹುಡ್ಗಿ ಮನ್ಯಾಗೆ ಬಾಯಿ ಮುಚ್ಚಲ್ಲ ಸರ್! ನಿದ್ದ್ಯಾಗೂ ಮಾತಾಡ್ತಾಳೆ. ಅವ್ರಪ್ಪ ಕಿವಿಗೆ ಹತ್ತಿ ಇಟ್ಕಂಡು ಮಲಗ್ತಾರೆ. ಅಂಥದ್ರಾಗೆ ಇಲ್ಲಿ ಮಾತಾಡಲ್ಲ ಅಂದ್ರೆ... ಯಾರಾದ್ರೂ ಹೆದ್ರಿಸ್ಯಾರಾ?"

ಮೇಷ್ಟ್ರಿಗೆ ನಗು ಬಂತು. ಕಾಪಿ ಮಾಡಿದ ವಿಷಯ ಹೇಳಿಬಿಡೋಣ ಅಂದುಕೊಂಡರು.

ಅಷ್ಟರಲ್ಲಿ ಹಾಲಮ್ಮ ದನಿ ತಗ್ಗಿಸಿದರು...

"ನಾನೂ ಶಾಂತ ಇದ್ದೆ ಸರ್. ತಿಳೀದಿದ್ರೂ ಕೇಳ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟೆ. ನಾನು ಬರ್ತಿಲ್ಲ ಅಂತ ಮೇಷ್ಟ್ರಿಗೆ ಗೊತ್ತಾಗಿದ್ದೇ ಮೂರು ವಾರದ ಮೇಲೆ."

ಮೇಷ್ಟ್ರ ನಗು ನಿಂತಿತು.

ಭೂಮಿಕಾಳ ಮುಖ ನೆನಪಿತ್ತು, ಕೊನೆಯ ಬೆಂಚು. ದನಿ ನೆನಪಿಸಿಕೊಳ್ಳಲು ನೋಡಿದರು... ಬರಲಿಲ್ಲ. ಐವತ್ತೆರಡು ಮನೆಗೆ ಸುಮ್ಮನೆ ಕಳಿಸಿದ ಮಾತು ಈ ಒಂದು ಮನೆಯ ಮಟ್ಟಿಗೆ ನಿಜವಾಗಿತ್ತು.

ಹುಡುಗಿಯನ್ನು ಕರೆಸಿದರು.

"ಯಾಕಮ್ಮ, ಕ್ಲಾಸಲ್ಲಿ ಮಾತೇ ಆಡಲ್ಲ?"

ಭೂಮಿಕಾ ಅಮ್ಮನನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು.

"ಶಾಲೆ ಶುರುವಾಗಿ ಮೂರನೇ ದಿನ ನೀವೇ ಹೇಳಿದ್ರಿ ಸರ್... ಬಾಯಿ ಮುಚ್ಕಂಡು ಹಿಂದೆ ಕೂತ್ಕೋ, ನಾನು ಕೇಳಿದ್ರೆ ಮಾತ್ರ ಮಾತಾಡು ಅಂತ."

"ಹೌದಾ?"

"ಹೂಂ. ಆಮೇಲೆ ನೀವು ಕೇಳ್ಲೇ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ.

"ತಪ್ಪಾಯ್ತು ಕಣಮ್ಮ. ಈಗ ಕೇಳ್ತಿದೀನಿ. ಮಾತಾಡು."

"ಏನ್ ಬೇಕಾದ್ರೂ?"

"ಏನ್ ಬೇಕಾದ್ರೂ."

ಅಷ್ಟು ಸಾಕಾಯಿತು.

"ಅಕ್ಕಿ ಹುರಿದ್ರೆ ಮಂಡಕ್ಕಿ ಆಗಿ ಉಬ್ಬುತ್ತಲ್ಲ ಸರ್, ಗೋಧಿ ಯಾಕೆ ಹಂಗೆ ಉಬ್ಬಲ್ಲ? ಭೂಮಿ ಅಷ್ಟು ಜೋರಾಗಿ ತಿರುಗಿದ್ರೆ ಹಾರ್ತಿರೋ ಹಕ್ಕಿಗೆ ಗೂಡು ಹೆಂಗೆ ಸಿಗುತ್ತೆ? ಆಮೇಲೆ ಆಗಸ್ಟಲ್ಲಿ ನೀವು ಬೋರ್ಡ್ ಮೇಲೆ ಐವತ್ತಾರು ಭಾಗಿಸು ಎಂಟು, ಆರು ಅಂತ ಬರ್ದಿದ್ರಿ. ಎಲ್ರೂ ಹಂಗೇ ಬರ್ಕಂಡಾರೆ. ನಾನು ಮಾತ್ರ ಏಳು ಬರ್ದೆ. ನೀವು ತಪ್ಪು ಹಾಕಿದ್ರಿ."

"ಅದನ್ನ ಆಗ್ಲೇ ಹೇಳ್ಬಾರ್ದಿತ್ತಾ?"

"ನೀವು ಕೇಳ್ಬೇಕಿತ್ತಲ್ಲ ಸರ್!"

ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಜೋರಾಗಿ ನಕ್ಕರು. "ಹಾಂ... ಇದು ನನ್ ಮಗಳು! ಅನುಭವಿಸ್ರಿ ಸರ್ ಈಗ."

ಬೆಲ್ ಹೊಡೆಯಿತು. ಹುಡುಗಿ ನಿಲ್ಲಿಸಲಿಲ್ಲ. ಹೆಡ್‌ಮೇಡಂ ಇಣುಕಿ ನೋಡಿದರು, ಆಗಲೂ ನಿಲ್ಲಿಸಲಿಲ್ಲ.

ಮೇಷ್ಟ್ರು ಆ ಸಂಜೆ ಐವತ್ತೆರಡೂ ಮೆಸೇಜ್ ಡಿಲೀಟ್ ಮಾಡಿದರು. ಮತ್ತೆ ಬರೆಯಲು ನಾಲ್ಕು ದಿನ ಹಿಡಿಯಿತು, ಹೆಡ್‌ಮೇಡಂ ಕೈಲಿ ಬೈಸಿಕೊಂಡರು. ಹನ್ನೊಂದು ಮಕ್ಕಳ ಬಗ್ಗೆ ಬರೆಯಲು ಏನೂ ಗೊತ್ತಿರಲಿಲ್ಲ. ಆ ಹನ್ನೊಂದು ಮನೆಗೆ ಬೈಕಿನಲ್ಲಿ ಹೋಗಿ, ಮಕ್ಕಳನ್ನು ಮಾತಾಡಿಸಿ ಬಂದು ಬರೆದರು.

ಸದ್ದಿಲ್ಲದ ಮಗುವನ್ನು ಹೊಗಳುವ ಮೊದಲು ಒಮ್ಮೆ ಮಾತಾಡಿಸಿ.

ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಆಫೀಸಿನಲ್ಲಿ "ತುಂಬಾ ಶಾಂತ" ಅನ್ನಿಸಿಕೊಂಡವರು ಯಾರು... ಅವರನ್ನು ನೀವು ಕೊನೆಯ ಸಲ ಏನು ಕೇಳಿದಿರಿ?

ಆ ವರ್ಷ, ಹಾಲಮ್ಮ ಬಂದ ದಿನದವರೆಗೆ ಶಾಲೆ ನಡೆದದ್ದು ಇನ್ನೂರ ಹದಿನಾರು ದಿನ. ಭೂಮಿಕಾ ತರಗತಿಯಲ್ಲಿ ಮಾತಾಡಿದ್ದು ಮೂರು ದಿನ. ಬಾಯಿ ಮುಚ್ಚಿ ಕೂತದ್ದು ಇನ್ನೂರ ಹದಿಮೂರು.