ರೈಲ್ವೆ ಗೇಟಿನಲ್ಲಿ ಉಳಿಸಿದ ಒಂದು ಲೀಟರ್ ಡೀಸೆಲ್

ಇದನ್ನು ನನಗೆ ಹೇಳಿದವರು ಈಚೆಗೆ ರಿಟೈರ್ ಆದ ಒಬ್ಬ ಬಸ್ ಡ್ರೈವರ್. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರ ಚಹಾನೂ ಆರಿ ಹೋಗಿತ್ತು...

ಹೆಸರು ಫಕೀರಪ್ಪ. ಉತ್ತರ ಕರ್ನಾಟಕದ ಒಂದು ಸಣ್ಣ ಊರಿನ ಡಿಪೋದಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದವರು.

ಆ ಡಿಪೋದ ಗೋಡೆಗೆ ಪ್ರತಿ ತಿಂಗಳು ಒಂದು ಪಟ್ಟಿ ಅಂಟಿಸುತ್ತಿದ್ದರು. ಲೀಟರ್ ಡೀಸೆಲ್‌ಗೆ ಯಾವ ಡ್ರೈವರ್ ಎಷ್ಟು ಕಿಲೋಮೀಟರ್ ಓಡಿಸಿದ ಅಂತ... ಮೊದಲ ಹೆಸರು ಯಾವಾಗಲೂ ಇವರದೇ.

ದೂರದಲ್ಲಿ ರಸ್ತೆ ದಾಟುವ ಎಮ್ಮೆ ಕಂಡರೆ ಅಲ್ಲಿಂದಲೇ ಕಾಲು ಸಡಿಲ ಬಿಡುತ್ತಿದ್ದರು. ಬ್ರೇಕ್ ಒತ್ತುವ ಪ್ರಸಂಗವೇ ಬರಬಾರದು ಅವರಿಗೆ.

ಆ ಪಟ್ಟಿಯೇ ಅವರನ್ನು ಜಪಾನಿಗೆ ಕಳಿಸಿತು. ಏಳು ದೇಶಗಳ ಬಸ್ ಡ್ರೈವರ್‌ಗಳಿಗೆ ಇಂಧನ ಉಳಿಸುವ ಸ್ಪರ್ಧೆ...

ಎಲ್ಲರಿಗೂ ಒಂದೇ ಥರದ ಬಸ್, ಒಂದೇ ರೂಟ್. ಕೊನೆಗೆ ಟ್ಯಾಂಕಿನ ಡೀಸೆಲ್ಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಅಳೆಯುತ್ತಿದ್ದರು.

ಎಣ್ಣೆ ಬಾವಿಗಳಿರುವ ದೇಶದಿಂದ ಬಂದ ಡ್ರೈವರ್ ನಗುತ್ತಿದ್ದ. "ನಮ್ಮಲ್ಲಿ ಇದನ್ನು ಯಾರೂ ಅಳೆಯುವುದಿಲ್ಲ" ಅಂದ. ಕೊನೆಯ ಸ್ಥಾನ ಬಂದರೂ ಅವನ ನಗು ಮಾಸಲಿಲ್ಲ.

ಫಕೀರಪ್ಪನವರಿಗೆ ಎರಡನೇ ಸ್ಥಾನ. ಮೊದಲ ಸ್ಥಾನ ಮೋರಿಟಾ ಅನ್ನುವ ಜಪಾನಿ ಡ್ರೈವರ್‌ಗೆ.

ಮರುದಿನ ಮೋರಿಟಾ ತನ್ನ ದಿನನಿತ್ಯದ ಬಸ್ಸಿನಲ್ಲಿ ಇವರನ್ನು ಕೂರಿಸಿಕೊಂಡು ಹೋದ. ಸಿಗ್ನಲ್ ಬಿದ್ದ ಕೂಡಲೇ ಎಂಜಿನ್ ಆಫ್... ಬಸ್ಸೊಳಗೆ ಸೆಕೆ. ಒಬ್ಬರೂ ಗೊಣಗಲಿಲ್ಲ.

"ನಾನೂ ಇನ್ನ ಮ್ಯಾಲೆ ಹಿಂಗ ಮಾಡಾಂವ" ಅಂತ ಫಕೀರಪ್ಪನವರು ಆ ಸೀಟಿನಲ್ಲೇ ನಿರ್ಧಾರ ಮಾಡಿದರು.

ಊರಿಗೆ ಬಂದರು. ಹಾರ, ಶಾಲು, ಪೇಪರಿನಲ್ಲಿ ಫೋಟೋ... ಸನ್ಮಾನ ಮುಗಿಯುವವರೆಗೂ ಡಿಪೋ ಸಾಹೇಬರ ಜೀಪು ಹೊರಗೆ ಸ್ಟಾರ್ಟ್ ಆಗಿಯೇ ನಿಂತಿತ್ತು.

ಅವರ ರೂಟಿನಲ್ಲಿ ಒಂದು ರೈಲ್ವೆ ಗೇಟ್. ಗೂಡ್ಸ್ ಗಾಡಿ ಬಂದರೆ ಅರ್ಧ ಗಂಟೆ ಹಾಕಿದ್ದೇ. ಅಲ್ಲಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡತೊಡಗಿದರು. ಪ್ಯಾಸೆಂಜರ್ ಬೈದರು, ಕಂಡಕ್ಟರ್ ನಕ್ಕ. ಇವರು ಬಿಡಲಿಲ್ಲ.

ಆ ಏಪ್ರಿಲ್‌ನಲ್ಲಿ ಅವರ ಬಸ್ಸಿನ ಬ್ಯಾಟರಿ ಸೊರಗಿತ್ತು. ರಿಪೇರಿ ಪುಸ್ತಕದಲ್ಲಿ ಮೂರು ಸಲ ಬರೆದು ಕೊಟ್ಟರು. "ನಾಳೆ ನೋಡೂಣ್ರಿ" ಅಂದರು ಮೆಕ್ಯಾನಿಕ್.

ನಾಲ್ಕನೆಯ ದಿನ ಬೆಳಗ್ಗೆ, ಗೇಟ್ ಬಿತ್ತು.

ಬ್ಯಾಟರಿ ಸರಿಯಿಲ್ಲ ಅಂತ ಅವರಿಗೆ ಗೊತ್ತಿತ್ತು... ಆದರೆ ಆ ತಿಂಗಳ ಪಟ್ಟಿಯಲ್ಲಿ ಇನ್ನೊಬ್ಬ ಡ್ರೈವರ್ ಇವರನ್ನು ಹಿಂದೆ ಹಾಕುವ ಹಾಗಿದ್ದ. ಅದೂ ಗೊತ್ತಿತ್ತು.

ಕೀ ತಿರುಗಿಸಿಬಿಟ್ಟರು.

ಇಪ್ಪತ್ತೈದು ನಿಮಿಷ ಬಿಟ್ಟು ಗೇಟ್ ಎದ್ದಿತು. ಬಸ್ ಮಾತ್ರ ಏಳಲಿಲ್ಲ. ಕಟಕ್ ಅಂತ ಒಂದು ಸದ್ದು, ಅಷ್ಟೇ.

ಗಂಡಸರೆಲ್ಲ ಇಳಿದು ನೂಕಿದರು. ಮುಂದೆ ಹಳಿಯ ಏರು. ಹಿಂದಕ್ಕೆ ಬಿಡೋಣವೆಂದರೆ ಸಾಲುಗಟ್ಟಿ ಹಾರ್ನ್ ಬಾರಿಸುವ ಗಾಡಿಗಳು...

ಆಗ ಒಂದು ಹುಡುಗಿ ಡ್ರೈವರ್ ಬಾಗಿಲ ಹತ್ತಿರ ಬಂದು ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ವರ್ಷಕ್ಕೊಮ್ಮೆ ನಡೆಯುವ ಪ್ರವೇಶ ಪರೀಕ್ಷೆಗೆ ಹೊರಟವಳು.

"ಕಾಕಾ, ಬಸ್ ಯಾವಾಗ ಹೊಂಡತೈತ್ರಿ?"

"ಹೊಂಡತೈತವ್ವಾ... ಒಂದೈದು ನಿಮಿಷ ತಡಿ."

ಐದು ನಿಮಿಷ ಹೋಗಿ ಹದಿನೈದಾಯಿತು. ಫಕೀರಪ್ಪನವರು ರಸ್ತೆಗೆ ಇಳಿದು ಕೈಮುಗಿದು ಕಾರುಗಳನ್ನು ತಡೆದರು. ಗ್ಲಾಸ್ ಏರಿಸಿ, ಎಸಿ ಹಾಕಿಕೊಂಡು ಕೂತವರು. ಗೇಟ್ ತೆರೆದಿತ್ತಲ್ಲ, ಯಾರಿಗೂ ನಿಲ್ಲಲು ಪುರುಸೊತ್ತಿರಲಿಲ್ಲ.

ಕೊನೆಗೆ ತರಕಾರಿ ಹೇರಿದ ಒಂದು ಟೆಂಪೋ ನಿಂತಿತು. ಹುಡುಗಿ ಅದರಲ್ಲಿ ಹತ್ತಿಕೊಂಡು ಹೋದಳು.

ಅವಳು ಪರೀಕ್ಷಾ ಕೇಂದ್ರ ಮುಟ್ಟಿದಾಗ ಹನ್ನೆರಡು ನಿಮಿಷ ತಡ. ಒಳಗೆ ಬಿಡಲಿಲ್ಲ. ಸಂಜೆ ಕಂಡಕ್ಟರ್ ಬಂದು ಹೇಳಿದ ಸುದ್ದಿ.

ಡಿಪೋದಲ್ಲಿ ಯಾರೂ ಬೈಯಲಿಲ್ಲ. ಮರುದಿನವೇ ಹೊಸ ಬ್ಯಾಟರಿ ಬಂತು.

ಫಕೀರಪ್ಪನವರಿಗೆ ಮಾತ್ರ ಊಟ ಸೇರಲಿಲ್ಲ. ಎರಡು ತಿಂಗಳು ಧೈರ್ಯ ಸಾಲದೆ, ಆಮೇಲೆ ಒಂದು ರವಿವಾರ ವಿಳಾಸ ಹುಡುಕಿಕೊಂಡು ಆ ಹುಡುಗಿಯ ಊರಿಗೆ ಹೋದರು.

ಬಾಗಿಲಲ್ಲಿ ತಾಯಿ ಶೇಂಗಾ ಸುಲಿಯುತ್ತ ಕೂತಿದ್ದಳು. ಇವರು ಯಾರೆಂದು ತಿಳಿದ ಮೇಲೂ ದನಿ ಏರಿಸಲಿಲ್ಲ. ಒಳಗಿನಿಂದ ಒಂದು ಚರಿಗೆ ನೀರು ತಂದು ಕೊಟ್ಟಳು.

"ಮಗಳು ಅದಾಳೇನ್ರಿ ಅಕ್ಕಾರ? ಒಂದ್ ಮಾತು ಕ್ಷಮಾ ಕೇಳಿ ಹೋಗ್ತೀನಿ."

"ಮದುವಿ ಮಾಡಿ ಕಳಸೇವ್ರಿ, ಹೋದ ವಾರ. ಇನ್ನೊಂದ್ ವರ್ಷ ಮನ್ಯಾಗ ಕುಂದರಸೂದು ಯಾಕ ಅಂದ್ರು ಅವರಪ್ಪ. ಈ ಪರೀಕ್ಷಾ ಬರೀಲಿ ಅಂತ ನಾನೇ ಜಗಳ ಮಾಡಿ ಮದುವಿ ನಿಲ್ಲಿಸಿದ್ದೆ..."

ಫಕೀರಪ್ಪನವರ ಕೈಯಲ್ಲಿ ಚರಿಗೆ ಹಾಗೇ ಉಳಿಯಿತು.

"ಬೇಕಂತ ಮಾಡ್ಲಿಲ್ರಿ. ಡೀಸೆಲ್ ಉಳಸಾಕ ಹೋಗಿ..."

"ಗೊತ್ತಾತ್ರಿ. ಕಂಡಕ್ಟರ್ ಹೇಳ್ಯಾನ." ಆಕೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. "ಅವತ್ತು ಎಷ್ಟ್ ಉಳೀತ್ರಿ?"

ಅದರಲ್ಲಿ ಕುಹಕ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಅಂತ ಕೇಳಿದ ಮಾತು.

"ಒಂದ್ ಲೀಟರ್ ಇರಬಹುದ್ರಿ."

ಆಕೆ ತಲೆಯಾಡಿಸಿದಳು. ಮತ್ತೆ ಮೊರದ ಕಡೆ ಬಗ್ಗಿದಳು.

ಬಸ್ ಸ್ಟಾಪಿನವರೆಗೂ ಫಕೀರಪ್ಪನವರು ಟವೆಲ್ಲಿನಿಂದ ಮುಖ ಒತ್ತಿಕೊಂಡೇ ನಡೆದರು.

ಆಮೇಲೆ ಎರಡು ವರ್ಷ ಸರ್ವಿಸ್ ಇತ್ತು. ಗೇಟಿನಲ್ಲಿ ಅವರು ಮತ್ತೆಂದೂ ಕೀ ಮುಟ್ಟಲಿಲ್ಲ. ಎಲ್ಲರ ಹಾಗೆ ಎಂಜಿನ್ ಗುರುಗುಡಿಸುತ್ತ, ಮುಂದಿನ ಲಾರಿಯ ಹೊಗೆ ಕುಡಿಯುತ್ತ ಕೂತರು.

ಪಟ್ಟಿಯಲ್ಲಿ ಅವರ ಹೆಸರು ಹದಿನೇಳಕ್ಕೆ ಇಳಿಯಿತು. ಯಾಕೆ ಅಂತ ಯಾರೂ ಕೇಳಲಿಲ್ಲ.

"ಅಲ್ಲಿ ಮೋರಿಟಾ ಒಬ್ಬಾಂವ ಎಂಜಿನ್ ಬಂದ್ ಮಾಡ್ತಿದ್ದಿಲ್ರಿ" ಅಂದರು ನನಗೆ. "ಇಡೀ ಊರಽ ಮಾಡ್ತಿತ್ತು. ಅದು ನನಗ ಆಗ ತಿಳೀಲಿಲ್ಲ."

•

ಒಬ್ಬನ ಒಳ್ಳೆಯತನಕ್ಕೆ ಹತ್ತು ಜನರ ಹೆಗಲು ಸಿಗದಿದ್ದರೆ, ಅದರ ಭಾರ ಯಾವುದೋ ಪಾಪದ ಜೀವದ ತಲೆಯ ಮೇಲೆ ಬೀಳುತ್ತದೆ.

ಅವತ್ತು ಆ ಗೇಟಿನಲ್ಲಿ ಎಸಿ ಹಾಕಿಕೊಂಡು ಕೂತಿದ್ದ ಕಾರುಗಳಲ್ಲಿ ಒಂದು ನಮ್ಮದೂ ಆಗಿರಬಹುದಲ್ಲವೇ...?