ತಾಯಿಯ ಹೆಸರಿಗೂ ಜಾಗ

“ಮಿಸ್, ನನ್ನ ಹೆಸರಿನ ಜೊತೆ ಅಮ್ಮನ ಮನೆತನದ ಹೆಸರೂ ಸೇರ್ಸಿ ಓದ್ತೀರಾ, ಪ್ಲೀಸ್? ಸಾಂದೋವಾಲ್ ಅಂತ.” ಶಾಲಾ ಪದವಿ ಪ್ರದಾನ ಸಮಾರಂಭದ ನಿಲುವಂಗಿ ತೊಟ್ಟ ಇತ್ಸೆಲ್ ವೇದಿಕೆಯ ಮೆಟ್ಟಿಲ ಮೇಲಿಂದಲೇ ಪಿಸುಗುಟ್ಟಿದಳು. ಮೈಕಿನ ಮುಂದಿದ್ದ ಗಣಿತ ಶಿಕ್ಷಕಿ ಬಿಂದುಶ್ರೀ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು. ಅದರಲ್ಲಿ ‘ಇತ್ಸೆಲ್ ಬರ್ರೇರಾ’ ಎಂದಷ್ಟೇ ಇತ್ತು. ತಂದೆಯ ಮನೆತನದ ಹೆಸರಿನೊಡನೆ ತಾಯಿಯದನ್ನೂ ಇಟ್ಟುಕೊಳ್ಳುವುದು ಮೆಕ್ಸಿಕೋ ಮೂಲದ ಆ ಕುಟುಂಬದ ಪದ್ಧತಿ. ಅಮೆರಿಕದ ಸ್ಯಾನ್ ಹೋಸೆಯ ಆ ಪ್ರೌಢಶಾಲೆ ತಾಯಿಯದನ್ನು ಕತ್ತರಿಸಿಹಾಕಿತ್ತು.

“ಇಬ್ಬಿಬ್ಬರ ಹೆಸರು ಓದ್ತಾ ನಿಂತ್ರೆ ಊಟನೂ ಇಲ್ಲಿಗೇ ತರಿಸ್ಬೇಕಾಗುತ್ತೆ, ಮಿಸ್ ಸಿದ್ದೇಗೌಡ,” ಎಂದು ಪಕ್ಕದಲ್ಲಿದ್ದ ಉಪಪ್ರಾಂಶುಪಾಲರು ನಕ್ಕರು. “ಒಂದು ಸಾಕು. ಬೇಗ!”

ಬಿಂದುಶ್ರೀಗೆ ನಗು ಬರಲಿಲ್ಲ. ಸಿದ್ದೇಗೌಡ ಎಂಬುದು ಮಂಡ್ಯದಲ್ಲಿರುವ ಅವಳ ತಂದೆಯ ಹೆಸರು. ಈ ದೇಶದ ಕಾಗದಪತ್ರಗಳು ಅವಳನ್ನು ಕೇಳದೆಯೇ ಅದನ್ನು ಮನೆತನದ ಹೆಸರಾಗಿ ಅವಳಿಗೆ ಅಂಟಿಸಿದ್ದವು. ತನ್ನ ಅನುಕೂಲಕ್ಕಾಗಿ ಮತ್ತೊಬ್ಬರ ತಾಯಿಯನ್ನು ಅಳಿಸಿಹಾಕುವ ಹಕ್ಕು ಯಾವ ಶಾಲೆಗೂ ಇಲ್ಲ. “ಊಟ ತಡವಾದ್ರೆ ಆಗ್ಲಿ ಬಿಡಿ, ಸರ್,” ಎಂದವಳೇ ಮೈಕಿಗೆ ಬಾಗಿ, ಒಂದೊಂದು ಅಕ್ಷರವನ್ನೂ ಸ್ಪಷ್ಟವಾಗಿ ಉಚ್ಚರಿಸಿದಳು: “ಇತ್ಸೆಲ್ ಬರ್ರೇರಾ ಸಾಂದೋವಾಲ್!”

ಬೆಳಗಿನಿಂದ ಇಂಗ್ಲಿಷ್ ಭಾಷಣಗಳು ಅರ್ಥವಾಗದೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ ಇತ್ಸೆಲ್‌ಳ ತಾಯಿ, ತಮ್ಮ ಹೆಸರು ಕಿವಿಗೆ ಬಿದ್ದೊಡನೆ ಎದ್ದು ನಿಂತರು. ತರಗತಿಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಮಾಡುವಂತೆ ಬಲಗೈಯನ್ನು ಎತ್ತರಕ್ಕೆ ಎತ್ತಿ, ಸಭಾಂಗಣವೆಲ್ಲ ತಿರುಗಿ ನೋಡುವ ಹಾಗೆ ಸ್ಪ್ಯಾನಿಷ್‌ನಲ್ಲಿ ಉತ್ತರಿಸಿದರು: “ಪ್ರೆಸೆಂತೆ!”