ಸ್ವಲ್ಪ ನಿಧಾನ ಬಾರಿಸಿ

"ಮುಳ್ಳು ಐದಕ್ಕೆ ಬಂತು ಮೇಡಂ," ಎಂದ ಫೋರ್‌ಮನ್.

ತಲೆಯ ಮೇಲೆ ಸೇತುವೆಯಂತೆ ಕಟ್ಟಿದ ಹೊಸ ಉದ್ಯಾನ, ಕಾಲ ಕೆಳಗೆ ಆರು ರೈಲು ಹಳಿ. ನಡುವಿನ ಇಕ್ಕಟ್ಟಾದ ಕಬ್ಬಿಣದ ಹಾದಿಯಲ್ಲಿ ಎಂಜಿನಿಯರ್ ಒಂದು ಮಾಪಕದತ್ತ ಕತ್ತೆತ್ತಿ ನಿಂತಿದ್ದಳು. ಮಣ್ಣು, ಮರ, ಜನ ಎಲ್ಲವನ್ನೂ ಹೊತ್ತ ತೊಲೆ ಎಷ್ಟು ಬಾಗಿದೆ ಎಂದು ತೋರಿಸುವುದು ಅದರ ಮುಳ್ಳು. ಹನ್ನೆರಡು ಮಿಲಿಮೀಟರ್‌ವರೆಗೆ ಬಾಗಿದರೂ ಅಪಾಯವಿಲ್ಲ ಎಂದು ಲೆಕ್ಕ ಹಾಕಿದವಳು ಅವಳೇ. ಇವತ್ತು ಉದ್ಘಾಟನೆ. ಉಳಿದವರೆಲ್ಲ ಒಳ್ಳೆಯ ಬಟ್ಟೆ ತೊಟ್ಟು ಮೇಲಿದ್ದರು. ಅವಳು ಹೆಲ್ಮೆಟ್ ಹಾಕಿಕೊಂಡು ಕೆಳಗಿದ್ದಳು.

"ಐದು ತಾನೇ, ನಾನು ನೋಡ್ಕೋತೀನಿ, ನೀವು ಹೋಗಿ. ಸ್ವಂತ ಮದುವೇಲಿ ಅಡುಗೆಮನೆ ಕಾಯ್ತಾ ಕೂತಂಗಾಯ್ತು ನಿಮ್ದು."

ಅವಳು ಉತ್ತರಿಸುವ ಮೊದಲೇ ಫೋನ್ ಬಂತು. ಅಮ್ಮ.

"ಎಲ್ಲಿ ಹಾಳಾಗೋದೆ? ಇಲ್ಲಿ ಊರಿಗೆ ಊರೇ ಕುಣೀತಿದೆ."

"ಕುಣೀತಿದ್ದಾರಾ? ಎಷ್ಟು ಜನ? ಎಲ್ಲ ಒಂದೇ ಕಡೆನಾ?"

"ಎಣಿಸೋಕೆ ನಾನೇನು ಬಸ್ ಕಂಡಕ್ಟರಾ?"

ಅಷ್ಟರಲ್ಲಿ ಮುಳ್ಳು ತೂಗತೊಡಗಿತು. ಐದು, ಏಳು, ಐದು, ಎಂಟು. ಮೇಲಿನ ಡ್ರಮ್ಮಿನ ಏಟಿಗೆ ಸರಿಯಾಗಿ. ತೊಲೆ ಮುರಿಯುವುದಿಲ್ಲ, ಅದು ಗೊತ್ತು. ಆದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ, ನೂರಾರು ಕಾಲು ಅದೇ ತಾಳಕ್ಕೆ ನೆಗೆಯುತ್ತಿದ್ದರೆ ನೆಲ ಇನ್ನೂ ಜೋರಾಗಿ ತೂಗುತ್ತದೆ. ಒಬ್ಬರು ಹೆದರಿ ಓಡಿದರೆ ಎಲ್ಲರೂ ಓಡುತ್ತಾರೆ, ಮಕ್ಕಳು ಕಾಲಡಿಗೆ ಸಿಗುತ್ತಾರೆ. ನಿಲ್ಲಿಸಿ ಎಂದು ಮೈಕಿನಲ್ಲಿ ಕೂಗಿದರೂ ಅದೇ ಗತಿ.

ಅರವತ್ತು ಮೆಟ್ಟಿಲು ಹೇಗೆ ಹತ್ತಿದಳೋ, ಡ್ರಮ್ಮಿನವನ ಎದುರು ನಿಂತಾಗ ಅವಳಿಗೆ ಉಸಿರೇ ಇರಲಿಲ್ಲ.

"ಅಣ್ಣಾ, ಸ್ವಲ್ಪ ನಿಧಾನ ಬಾರಿಸಿ."

"ಕುಣಿಯೋ ಹಾಡಿಗೆ ನಿಧಾನನಾ? ಯಾರಕ್ಕ ನೀವು?"

"ಈ ನೆಲ ಮಾಡಿದವಳು."

ಅವನು ಅವಳ ಹೆಲ್ಮೆಟ್ ನೋಡಿದ, ತನ್ನ ಕಾಲ ಕೆಳಗಿನ ಹುಲ್ಲು ನೋಡಿದ. ಕೈ ನಿಧಾನಿಸಿದ.

ಕುಣಿಯುತ್ತಿದ್ದವರು ಒಂದು ಗಳಿಗೆ ತಡವರಿಸಿದರು. ಆಮೇಲೆ ಯಾರೋ ಯಾರದೋ ಕೈ ಹಿಡಿದರು, ನೆಗೆತ ಹೋಗಿ ಹೆಜ್ಜೆ ಬಂತು. ಈ ತಾಳವಾದರೆ ತಮಗೂ ಆದೀತೆಂದು ಬೆಂಚಿನ ಮೇಲಿದ್ದ ಮುದುಕರು ಎದ್ದರು, ಕಂಕುಳಲ್ಲಿ ಕೂಸಿದ್ದವರು ಬಂದರು. ಗುಂಪು ಎರಡರಷ್ಟಾಯಿತು. ಅವಳು ತಕ್ಷಣ ಕೆಳಕ್ಕೆ ಫೋನ್ ಮಾಡಿದಳು.

"ಆರು," ಎಂದ ಫೋರ್‌ಮನ್. "ಆರಕ್ಕೆ ಬಂದು ನಿಂತಿದೆ, ಅಲ್ಲಾಡ್ತಿಲ್ಲ. ಇನ್ನೂ ಆರು ಬಾಕಿ ಇದೆ ಮೇಡಂ. ಅದ್ರಲ್ಲಿ ನಿಮ್ಮ ಕಾಲಿಗೂ ಜಾಗ ಆಗುತ್ತೆ."

ಅಷ್ಟರಲ್ಲಿ ಅಲ್ಲಿಗೆ ಬಂದ ಅಮ್ಮ ಆ ಫೋನನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡು, ಮಗಳನ್ನು ಗುಂಪಿನೊಳಕ್ಕೆ ಎಳೆದಳು. ಕೆಳಗೊಂದು ರೈಲು ಹಾದುಹೋಯಿತು; ಯಾರಿಗೂ ತಿಳಿಯಲಿಲ್ಲ. ಮಗಳು ಮಾತ್ರ, ಅಡಿಯಲ್ಲಿ ಯಾರೋ ಕೂಸನ್ನು ಮಲಗಿಸಿದ್ದಾರೇನೋ ಎಂಬಂತೆ, ತುದಿಗಾಲಲ್ಲಿ ಹೆಜ್ಜೆ ಹಾಕುತ್ತಿದ್ದಳು.

"ಗಟ್ಟಿಯಾಗಿ ಕಾಲೂರೇ," ಎಂದಳು ಅಮ್ಮ. "ನೀನೇ ಕಟ್ಟಿದ್ದಲ್ವಾ?"